ಹದಿನಾಲ್ಕು ಹಳದಿ ಚುಕ್ಕೆಗಳ ಕೋಟೆ

ಆ ಶನಿವಾರ ನಾನು ಭೀಷಣ ಪ್ರತಿಜ್ಞೆಯೊಂದನ್ನು ಮಾಡಿದೆ: ಸಂಜೆಯೊಳಗೆ ನನ್ನ ಹೆಂಡತಿ ಹೆಲ್ಕಾಳ ಫೋನನ್ನು ಅಭೇದ್ಯ ಕೋಟೆಯಾಗಿ ಮಾಡಿಬಿಡುತ್ತೇನೆ!

ಈ ಕೆಲಸಕ್ಕೆ ನನಗಿಂತ ಯೋಗ್ಯರು ಇಡೀ ಫಿನ್ಲೆಂಡಿನಲ್ಲಿ ಯಾರಿದ್ದಾರೆ ಹೇಳಿ! ತಾಂಪೆರೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಮಾಡುತ್ತಿರುವುದು ಇದನ್ನೇ. ಫೋನು, ಟ್ಯಾಬ್ಲೆಟ್ಟುಗಳ ಬೀಗ, ಭದ್ರತೆ, ಗುಟ್ಟು ಕಾಯುವ ಉಪಾಯಗಳು ಸಾಮಾನ್ಯ ಜನರ ಕೈಗೆ ಒಗ್ಗುವಂತೆ ಮಾಡುವುದು. "ಓದದೆ ಒಪ್ಪಿಗೆ ಒತ್ತಬೇಡಿ" ಎಂದು ಊರೂರು ತಿರುಗಿ ಭಾಷಣ ಬಿಗಿದವನು ನಾನು. ಅಂಥವನ ಹೆಂಡತಿಯ ಫೋನಿಗೆ ಬೀಗವೇ ಇಲ್ಲ! ಮೇಜಿನ ಮೇಲೆ, ಬೆಂಚಿನ ಮೇಲೆ ಎಲ್ಲೆಂದರಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ.

ಅದರೊಳಗೆ ಇರುವುದೇನು ಸಾಮಾನ್ಯವೇ? ನಾವು ರಜೆಗೆಂದು ಬಂದಿದ್ದ ನಮ್ಮ ಬೇಸಿಗೆ ಮನೆಯ ಸುತ್ತಲಿನ ಕಾಡಿನ ನಕ್ಷೆ, ಅದರ ಮೇಲೆ ಹದಿನಾಲ್ಕು ಹಳದಿ ಚುಕ್ಕೆಗಳು. ಹಳದಿ ಅಣಬೆ ಏಳುವ ಜಾಗಗಳು! ನಮ್ಮಲ್ಲಿ ಸಂಬಳ ಎಷ್ಟೆಂದು ಬೇಕಾದರೆ ಕೇಳಬಹುದು, ಅಣಬೆ ಎಲ್ಲಿ ಸಿಕ್ಕಿತೆಂದು ಕೇಳುವಂತಿಲ್ಲ. ಗಂಡನಿಗೂ ಹೇಳುವುದಿಲ್ಲ. ನಮ್ಮತ್ತೆ ಸಾಯುವ ಎರಡು ದಿನ ಮುಂಚೆ ಆಸ್ಪತ್ರೆಯಲ್ಲಿ ನನ್ನನ್ನು ಕಾಫಿ ತರಲು ಆಚೆ ಅಟ್ಟಿ, ಮಗಳ ಕಿವಿಯಲ್ಲಿ ಆ ಜಾಗಗಳನ್ನು ಉಸುರಿದ್ದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಪ್ರತಿ ಆಗಸ್ಟಿನಲ್ಲೂ ಹೆಲ್ಕಾ ಬುಟ್ಟಿ ತುಂಬಾ ಅಣಬೆ ತರುತ್ತಾಳೆ. ನಾನು "ಎಲ್ಲಿ ಸಿಕ್ಕಿತು?" ಎನ್ನುತ್ತೇನೆ, ಅವಳು "ಕಾಡಲ್ಲಿ" ಎನ್ನುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು.

"ನಂಗೆ ಬೀಗ ಗೀಗ ಏನೂ ಬೇಡ ಮಾರಾಯ" ಎಂದಳು ಹೆಲ್ಕಾ.

"ಯಾರಾದ್ರೂ ಕದ್ದು ನೋಡಿದ್ರೆ?"

"ಯಾರು ನೋಡ್ತಾರೆ?" ಎಂದು ನನ್ನ ಮುಖವನ್ನೇ ನೋಡಿದಳು. ನಾನು ಜಗಲಿಯ ಕಡೆ ನೋಡಿದೆ. ಅಲ್ಲಿ ನನ್ನ ಬಲಗಾಲಿನ ರಬ್ಬರ್ ಬೂಟು ಒಂಟಿಯಾಗಿ ನಿಂತಿತ್ತು. ಎಡಗಾಲಿನದು ಹೋದ ವರ್ಷ ಮೀನು ಹಿಡಿಯುವಾಗ ಸರೋವರದ ಪಾಲಾಗಿತ್ತು.

ಕೊನೆಗೆ ಒಪ್ಪಿದಳು. ಅವಳ ಹೆಬ್ಬೆರಳಿನ ಅಚ್ಚು ತೆಗೆದುಕೊಂಡೆ. ಹನ್ನೆರಡು ಅಕ್ಷರದ ಗುಪ್ತಪದವನ್ನು ಅವಳು ಚೀಟಿಯಲ್ಲಿ ಬರೆದುಕೊಳ್ಳುವಾಗ ಸಂಭಾವಿತನಂತೆ ಮುಖ ತಿರುಗಿಸಿದೆ. "ಬಾಯಿಪಾಠ ಮಾಡ್ಕೋ. ಚೀಟಿ ಮಾತ್ರ ಎಲ್ಲೂ ಬಿಡಬೇಡ!" ಎಂದು ಗದರಿದೆ. ಐದು ಸಲ ಗುಪ್ತಪದ ತಪ್ಪಾದರೆ ಫೋನಿನಲ್ಲಿರುವುದೆಲ್ಲ ತಾನಾಗಿ ಅಳಿಸಿಹೋಗಬೇಕು. ಮೂವತ್ತು ಸೆಕೆಂಡು ಸುಮ್ಮನಿದ್ದರೆ ಬೀಗ ಬೀಳಬೇಕು. ಆಹಾ, ಕೋಟೆ ಎಂದರೆ ಕೋಟೆ!

ಹೆಲ್ಕಾ ಹಬೆಸ್ನಾನದ ಕೋಣೆಯಾದ ಸೌನಾದ ಒಲೆ ಹೊತ್ತಿಸಿ ಬೆವರಲು ಹೋದಳು. ನನಗೆ ಉಳಿದದ್ದು ಕೊನೆಯ ಹೆಜ್ಜೆ, ನಕ್ಷೆಯ ಒಂದು ಪ್ರತಿಯನ್ನು ಭದ್ರವಾಗಿ ಎತ್ತಿಡುವುದು. ಫೋನು ಏನೋ ಕೇಳಿತು, ಒಪ್ಪಿಗೆ ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಏಳು ಸಲ. ಓದಿದೆನೇ ಎಂದು ಮಾತ್ರ ಕೇಳಬೇಡಿ!

ಟಿಂಗ್! ನನ್ನ ಜೇಬಿನಲ್ಲಿದ್ದ ನನ್ನ ಫೋನು ಸದ್ದು ಮಾಡಿತು. "ಸರೋವರ ರಸ್ತೆ ಸಂಘದ ಮೂವತ್ತೇಳು ಸದಸ್ಯರೊಂದಿಗೆ ಹೆಲ್ಕಾ ಹದಿನಾಲ್ಕು ಜಾಗಗಳನ್ನು ಹಂಚಿಕೊಂಡಿದ್ದಾರೆ." ಅಂದರೆ ಸುತ್ತಲಿನ ಬೇಸಿಗೆ ಮನೆಗಳವರೆಲ್ಲ! ಸಂದೇಶದ ಕೆಳಗೆ, ಪಕ್ಕದ ಮನೆಯ ಕೌಕೊನ ಮೆಚ್ಚುಗೆಯ ಹೆಬ್ಬೆರಳು ಆಗಲೇ ಮೇಲೆದ್ದು ನಿಂತಿತ್ತು.

ಅಯ್ಯೋ ದೇವರೇ! ಹಂಚಿದ್ದನ್ನು ಹಿಂದಕ್ಕೆ ಎಳೆಯಬೇಕಾದರೆ ಹೆಲ್ಕಾಳ ಫೋನೇ ಬೇಕು. ಕೈಗೆತ್ತಿಕೊಂಡರೆ ಬೀಗ ಬಿದ್ದಿದೆ. ಮೂವತ್ತು ಸೆಕೆಂಡು! ಯಾವ ಮಹಾನುಭಾವ ಇಟ್ಟನೋ!

ಸೌನಾದ ಬಾಗಿಲಿಗೆ ಓಡಿದೆ. "ಹೆಲ್ಕಾ, ಹೆಬ್ಬೆರಳು ಕೊಡು!"

"ಯಾಕೆ?"

"ಪರೀಕ್ಷೆ ಮಾಡ್ಬೇಕು!"

ಹಬೆಯೊಳಗಿಂದ ಒಂದು ಕೈ ಬಂತು. ಬೆವರಿ, ನೆನೆದು, ಹೆಬ್ಬೆರಳು ಒಣದ್ರಾಕ್ಷಿಯಾಗಿತ್ತು. ಫೋನಿಗೆ ಗುರುತೇ ಸಿಗಲಿಲ್ಲ. ಒರೆಸಿ ಒತ್ತಿಸಿದೆ, ಊದಿ ಒತ್ತಿಸಿದೆ. "ಇನ್ನು ಗುಪ್ತಪದವೇ ಬೇಕು" ಎಂದು ಅದು ಹಟ ಹಿಡಿಯಿತು.

"ಚೀಟಿ ಎಲ್ಲಿ?"

"ಒಲೆ ಹೊತ್ತಿಸೋಕೆ ಹಾಕ್ದೆ. ಎಲ್ಲೂ ಬಿಡಬೇಡ ಅಂದಿದ್ದು ನೀನೇ ತಾನೆ?"

"ಬಾಯಿಪಾಠ?"

"ಮೊದಲನೇ ಅಕ್ಷರ ಕ. ಇಲ್ಲ, ಪ ಇರಬೇಕು."

ಟವೆಲ್ ಸುತ್ತಿಕೊಂಡು ಬಂದು ನಾಲ್ಕು ಸಲ ಒತ್ತಿದಳು. ನಾಲ್ಕೂ ತಪ್ಪು. ಇನ್ನೊಂದು ತಪ್ಪಿದರೆ ಅತ್ತೆಯ ಕಾಡು ಪೂರ್ತಿ ಅಳಿಸಿಹೋಗುತ್ತದೆ. ಸುಮ್ಮನಿದ್ದರೆ ಊರವರು ಪೂರ್ತಿ ಬಾಚಿಕೊಳ್ಳುತ್ತಾರೆ. ಕಿಟಕಿಯಲ್ಲಿ ನೋಡುತ್ತೇನೆ, ಕೌಕೊ ಬಕೆಟ್ ಹಿಡಿದು ಕಾಡಿಗೆ ನುಗ್ಗುತ್ತಿದ್ದಾನೆ. ಅವನ ಹಿಂದೆ ಇನ್ನಿಬ್ಬರು. ರಸ್ತೆಯಲ್ಲಿ ಒಂದು ಕಾರು ಬಂದು ನಿಂತಿತು. ಅದರ ಹಿಂದೆ ಇನ್ನೊಂದು.

ಸಾಯುವ ತಾಯಿ ಕೊಟ್ಟ ಗುಟ್ಟನ್ನು ನಾನು ಮೂವತ್ತೇಳು ಜನಕ್ಕೆ ಹಂಚಿದ್ದೆ. ನಾಚಿಕೆ ತಡೆಯಲಾರದೆ ಹಂಚಿದ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ.

ಹೆಲ್ಕಾ ಕೂಗಾಡಲಿಲ್ಲ. ಬಟ್ಟೆ ಹಾಕಿಕೊಂಡು ಬಂದು ಕಾಫಿ ಬಗ್ಗಿಸಿಕೊಂಡಳು. ಅದು ಇನ್ನೂ ಭಯಂಕರ!

"ಏನಾದ್ರೂ ಅನ್ನೇ" ಎಂದು ಅಂಗಲಾಚಿದೆ.

"ಹದಿನಾಲ್ಕೂ ಹೋಯ್ತಾ?"

"ಹದಿನಾಲ್ಕೂ."

"ಹೂಂ" ಎಂದು ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಎರಡು ಗಂಟೆ ಕಾಲ ನಾನು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಶತಪಥ ತುಳಿದೆ.

ಕೌಕೊ ವಾಪಸು ಬಂದ. ಸೊಂಟದವರೆಗೆ ಕೆಸರು, ಮೈತುಂಬಾ ಸೊಳ್ಳೆ ಕಚ್ಚಿದ ಗುರುತು. ಬಕೆಟ್ಟಿನಲ್ಲಿ ಒಂದು ಅಣಬೆಯೂ ಇರಲಿಲ್ಲ.

"ಏನಮ್ಮಾ ನಿನ್ನ ಚುಕ್ಕೆಗಳು!" ಎಂದು ಹೆಲ್ಕಾಳ ಮೇಲೆ ಹರಿಹಾಯ್ದ. "ಎಲ್ಲಿ ಹೋದ್ರೂ ಬರೀ ಜೌಗು! ಒಂಬತ್ತನೇ ಚುಕ್ಕೆ ಹತ್ರ ಮುಳುಗೇ ಹೋಗ್ತಿದ್ದೆ. ಅಲ್ಲಿ ಸಿಕ್ಕಿದ್ದು ಇದೊಂದೇ."

ಬಕೆಟ್ಟಿನಿಂದ ತೆಗೆದು ಮೇಜಿನ ಮೇಲಿಟ್ಟ. ಎಡಗಾಲಿನ ರಬ್ಬರ್ ಬೂಟು. ಕಳೆದುಹೋದರೆ ಗುರುತಿಗಿರಲಿ ಎಂದು ಭದ್ರತಾ ತಜ್ಞನೊಬ್ಬ ಅದರೊಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದ: ತಾರ್ಮೊ.

ನನ್ನದೇ ಹೆಸರು.

ಕೌಕೊ ಗೊಣಗುತ್ತಾ ಮನೆಗೆ ಹೋದ. ಹೆಲ್ಕಾ ಬೂಟನ್ನು ಜಗಲಿಗೆ ಒಯ್ದು, ಒಂಟಿಯಾಗಿದ್ದ ಜೊತೆಗಾರನ ಪಕ್ಕದಲ್ಲಿ ನೀಟಾಗಿ ನಿಲ್ಲಿಸಿದಳು.

"ಸರೋವರ ದೊಡ್ಡದಾಗಿದೆ ಅಲ್ವಾ? ಒಂಬತ್ತನೇ ಚುಕ್ಕೆವರೆಗೂ ಬಂದಿದೆ!"

ನಾನು ಬಗ್ಗಿ ಬೂಟಿನ ಕೆಸರು ಒರೆಸತೊಡಗಿದೆ.

"ಆ ಹದಿನಾಲ್ಕು ಸುಳ್ಳು ಚುಕ್ಕೆ ಊರವರಿಗೆ ಅಂತ ಇಟ್ಟಿದ್ದಲ್ಲ ಕಣೋ, ನಿನಗೆ ಅಂತಲೇ ಇಟ್ಟಿದ್ದು. ನೀನು ಇಣುಕ್ತೀಯ ಅಂತ ಅಮ್ಮ ಅವತ್ತೇ ಹೇಳಿದ್ರು. ಸುಮ್ನೆ ಕಾಫಿ ತರೋಕೆ ಕಳಿಸಿದ್ರಾ?"

ಹೀಗೆಂದು ಗೋಡೆಯ ಮೊಳೆಯಿಂದ ಬುಟ್ಟಿ ಇಳಿಸಿ ಮೆಟ್ಟಿಲಿಳಿದಳು. ಬೀಗ ಬಿದ್ದ ಫೋನು ಮೇಜಿನ ಮೇಲೆಯೇ ಉಳಿಯಿತು.

"ಬಾಣಲೇಲಿ ಬೆಣ್ಣೆ ಕಾಯಿಸಿಡು. ಒಂದು ಗಂಟೇಲಿ ಬರ್ತೀನಿ."

"ಎಲ್ಲಿಗೆ ಹೊರಟೆ?" ಎಂದೆ, ಹತ್ತೊಂಬತ್ತು ವರ್ಷದ ಅನುಭವವಿರುವ ತಜ್ಞ.

"ಕಾಡಿಗೆ."