ಬಂಟ್ವಾಳಕ್ಕೆ ಹೌಸ್ ಮ್ಯೂಸಿಕ್ ಬಂದ ಬಗೆ

ಡಿಜೆ ಆದವನಿಗೆ ಒಂದು ಹಾಡು ಹಾಕಿ ಸುಮ್ಮನೆ ಕೂರುವ ಭಾಗ್ಯ ಇಲ್ಲ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಅದರಲ್ಲೂ ನಮ್ಮ ಕಡೆ ಮೊದಲು ಹೌಸ್ ಮ್ಯೂಸಿಕ್ ಹಾಕಿದವನು ನಾನು. ದುಬೈಗೆ ಹೋಟೆಲ್ ಕೆಲಸಕ್ಕೆ ಹೋದವನು ಅಲ್ಲಿ ಅದನ್ನು ಕೇಳಿ ಮರುಳಾಗಿ, ಡಿಜೆ ಸಾಮಾನು ಸಮೇತ ಊರಿಗೆ ಬಂದೆ. ಒಂದೇ ಹದದಲ್ಲಿ ಧುಂ ಧುಂ ಬಡಿಯುವ, ಹೆಚ್ಚಾಗಿ ಮಾತೇ ಇಲ್ಲದ ಕುಣಿತದ ಸಂಗೀತ. ನನಗದು ಪ್ರಾಣ. ಊರಿಗೆ ಅದು ಏನು ಎಂಬುದು ಗೊತ್ತಾಗಲು ತುಂಬಾ ಸಮಯ ಬೇಕಾಗಲಿಲ್ಲ.

ಜನರೇಟರ್‌ನ ಕಾಯಿಲೆ

ಪಾಣೆಮಂಗಳೂರಿನಲ್ಲಿ ಮದುವೆಯ ಮುನ್ನಾದಿನದ ಒಂದು ಮದರಂಗಿ. ಸಂಜೆ ಸಿನಿಮಾ ಹಾಡೆಲ್ಲ ಮುಗಿಸಿ, ಧೈರ್ಯ ಮಾಡಿ ಮೊದಲ ಬಾರಿ ನನ್ನ ಸಂಗೀತ ಬಿಟ್ಟೆ. ಧುಂ, ಧುಂ, ಧುಂ. ನನ್ನ ಎದೆಯೂ ಅದೇ ತಾಳದಲ್ಲಿತ್ತು. ಮದುಮಗಳ ಗೆಳತಿಯರು ಕಾಲು ಕುಣಿಸಲು ಶುರುಮಾಡಿದ್ದೇ ತಡ, ದೀಪ ಹೋಯಿತು, ಶಬ್ದವೂ ಹೋಯಿತು.

ಜನರೇಟರಿನವ ಓಡಿ ಬಂದ. "ಹೆದರಬೇಡಿ ಮಾರ್ರೆ, ನಾನೇ ಆಫ್ ಮಾಡಿದ್ದು. ಆಗಿನಿಂದ ಒಳಗೆ ಏನೋ ಬಡೀತಾ ಉಂಟು."

"ಅದು ಜನರೇಟರ್ ಅಲ್ಲ, ನನ್ನ ಮ್ಯೂಸಿಕ್!"

ಅವ ನನ್ನನ್ನು ಕನಿಕರದಿಂದ ನೋಡಿ, ದನಿ ತಗ್ಗಿಸಿ, "ಹಾಗಾದ್ರೆ ನಿಮ್ಮ ಮಿಷನನ್ನು ಯಾರಿಗಾದ್ರೂ ತೋರಿಸಿ" ಎಂದ.

ಮನೆ ಒಕ್ಕಲು

ನಾರಾವಿಯ ವ್ಯಾಪಾರಿಯೊಬ್ಬರ ಫೋನು. "ಹೌಸ್ ಮ್ಯೂಸಿಕಿನವರಲ್ವಾ? ನಮ್ಮದು ಹೊಸ ಮನೆ ಒಕ್ಕಲು ಉಂಟು. ಬೆಳಿಗ್ಗೆಯೇ ಬನ್ನಿ."

ಇಷ್ಟು ತಿಳಿದವರೊಬ್ಬರು ಸಿಕ್ಕಿದರಲ್ಲ ಎಂದು ಖುಷಿಯಿಂದ ಹೋದೆ. ಬಾಗಿಲಿಗೆ ತೋರಣ, ಒಳಗೆ ಪೂಜೆ. "ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಬಾರಿಸಿ" ಎಂದರು. ಆಗ ತಿಳಿಯಿತು, ಹೌಸ್ ಮ್ಯೂಸಿಕ್ ಎಂದರೆ ಹೌಸಿಗೆ ಹಾಕುವ ಮ್ಯೂಸಿಕ್! ಎಲ್ಲರೆದುರು ಅವರ ಮುಖಭಂಗ ಮಾಡಲು ಮನಸ್ಸಾಗದೆ ಇದ್ದುದರಲ್ಲೇ ಮೆತ್ತಗಿನದೊಂದನ್ನು ಹಾಕಿದೆ. ಹಾಲು ಚೆನ್ನಾಗಿ ಉಕ್ಕಿತು. ಊಟವಾದ ಮೇಲೆ ಅವರು ಸಂತೋಷದಿಂದ ಕೈ ಹಿಡಿದುಕೊಂಡು, "ನನ್ನ ತಮ್ಮ ಬಟ್ಟೆ ಅಂಗಡಿ ತೆರೀತಾನೆ. ನೀವು ಶಾಪ್ ಮ್ಯೂಸಿಕ್ ಕೂಡ ಮಾಡ್ತೀರಾ?" ಎಂದು ಕೇಳಿದರು.

ಸಭ್ಯ ಹಾಡು

ಉಜಿರೆಯ ಕಾಲೇಜೊಂದರ ವಾರ್ಷಿಕೋತ್ಸವ. ಸಾಂಸ್ಕೃತಿಕ ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಬಹಳ ಕಟ್ಟುನಿಟ್ಟು. "ಹಾಡಿನ ಸಾಹಿತ್ಯ ಮೊದಲು ತೋರಿಸಬೇಕು" ಎಂದರು.

"ಸಾಹಿತ್ಯ ಇಲ್ಲ ಮೇಡಂ."

"ಒಂದು ಶಬ್ದವೂ ಇಲ್ವಾ?"

"ಇಲ್ಲ."

ಮೇಡಂ ಕನ್ನಡಕ ತೆಗೆದಿಟ್ಟು ನಿಟ್ಟುಸಿರು ಬಿಟ್ಟರು. "ನನ್ನ ಸರ್ವಿಸಿನಲ್ಲಿ ಇಷ್ಟು ಸಭ್ಯ ಹಾಡು ಯಾರೂ ತಂದದ್ದಿಲ್ಲ!"

ಅಮ್ಮನ ಸ್ವರ

ಬೇರೆಯವರದ್ದನ್ನು ಹಾಕಿ ಹಾಕಿ, ನನ್ನದೇ ಒಂದು ಮಾಡುವ ಆಸೆ ಹುಟ್ಟಿತು. ಮನೆಯ ಗ್ರೈಂಡರ್ ತಿರುಗುವ ಸದ್ದು, ಬಾವಿಯ ರಾಟೆಯ ಸದ್ದು ಹಿಡಿದು ತಾಳ ಕಟ್ಟಿದೆ. ಅದರ ಮೇಲೆ, ಅಮ್ಮ ಅಡುಗೆಮನೆಯಿಂದ ನಮ್ಮನ್ನೆಲ್ಲ ಊಟಕ್ಕೆ ಬನ್ನಿ ಎಂದು ಕರೆಯುವ ತುಳು ಮಾತು: "ವಣಸ್‌ಗ್ ಬಲೆ!" ತಿಂಗಳುಗಟ್ಟಲೆ ಕೂತು ತಿದ್ದಿದೆ.

ಮೂಡುಬಿದಿರೆಯಲ್ಲಿ ಸಂಬಂಧಿಕರ ಮದುವೆಯ ರಿಸೆಪ್ಶನ್ನಿಗೆ ಅದನ್ನು ಮೊದಲ ಸಲ ಹಾಕುವುದೆಂದಾಯಿತು. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ನನ್ನ ಕೆಲಸವನ್ನು ಒಮ್ಮೆಯೂ ನೋಡದಿದ್ದ ಅಮ್ಮ ಎದುರಿನ ಸಾಲಿನಲ್ಲೇ ಕೂತಿದ್ದರು. ನಾನು ಬಟನ್ ಒತ್ತಿದೆ. ಗ್ರೈಂಡರ್ ತಿರುಗಿತು, ರಾಟೆ ಕಿರುಗುಟ್ಟಿತು, ಮದುಮಗನ ಗೆಳೆಯರು ಕುಣಿಯಲು ಎದ್ದರು. ಆಗ ಸಭಾಭವನದ ನಾಲ್ಕೂ ಮೂಲೆಯಿಂದ ಅಮ್ಮನ ಸ್ವರ: "ವಣಸ್‌ಗ್ ಬಲೆ! ವಣಸ್‌ಗ್ ಬಲೆ!"

ಮೊದಲು ಹಿರಿಯರು ಎದ್ದರು. ಹಿಂದೆಯೇ ಹೆಂಗಸರು, ಮಕ್ಕಳು. ಕುಣಿಯುವವರೂ ಕಾಲು ನಿಲ್ಲಿಸಿ ಊಟದ ಸಾಲು ಸೇರಿದರು. ವೇದಿಕೆಯ ಮೇಲೆ ಮದುಮಕ್ಕಳಿಬ್ಬರೇ. ಫೋಟೋದವನೂ ಕ್ಯಾಮೆರಾ ಇಳಿಸಿ ಹೊರಟಿದ್ದ.

ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಓಡಿ ಬಂದರು. "ಯಾರು ಮಾರಾಯ್ರೆ ಕರೆದದ್ದು? ಅನ್ನ ಇನ್ನೂ ಬೇಯಲಿಲ್ಲ! ನಿಲ್ಲಿಸಿ!"

ಗಾಬರಿಯಲ್ಲಿ ನಾನು ಒತ್ತಿದ್ದು ವೇಗದ ಬಟನ್. "ಬಲೆ ಬಲೆ ಬಲೆ ಬಲೆ!" ನಡೆಯುತ್ತಿದ್ದವರು ಓಡಲು ಶುರುಮಾಡಿದರು.

ಎಲ್ಲ ನಿಲ್ಲಿಸಿ ತಲೆ ಎತ್ತಿದಾಗ ಖಾಲಿ ಕುರ್ಚಿಗಳ ನಡುವೆ ಅಮ್ಮ ಒಬ್ಬರೇ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೇಜಾರಾಯಿತೇನೋ ಎಂದು ಹತ್ತಿರ ಹೋದರೆ, ನಕ್ಕು ನಕ್ಕು ಬಂದ ನೀರು.

"ಮನೆಯಲ್ಲಿ ಗಂಟಲು ಹರಿದುಕೊಂಡರೂ ಒಬ್ಬರೂ ಏಳುವುದಿಲ್ಲ" ಎಂದರು ಅಮ್ಮ. "ನೀನು ಊರನ್ನೇ ಎಬ್ಬಿಸಿದೆಯಲ್ಲ ಮಗಾ! ಇದನ್ನು ನನ್ನ ಮೊಬೈಲಿಗೂ ಹಾಕಿ ಕೊಡು. ನಿನ್ನ ಅಪ್ಪನಿಗೆ ಬೇಕಾಗ್ತದೆ."