ಸಸ್ಯಾಹಾರಿ ಕಲ್ಲಪ್ಪನಿಗೆ ಮಿಡತೆ ಮಂಜೂರು ಮಾಡುವ ಬಗ್ಗೆ

ಇಂದ:
ಕುಮಾರಿ ರಂಜಿತಾ, ಬಿ.ಎ.,
ಮಹಡಿ ಮೆಟ್ಟಿಲ ಪಕ್ಕದ ರೂಮು, ಹಿರಿಯೂರು.

ಗೆ:
ಶ್ರೀಮತಿ ಸರ್ವಮಂಗಳ ಅವರು,
ಅಡುಗೆಮನೆ ಮತ್ತು ದೇವರಮನೆಯ ಮುಖ್ಯಾಧಿಕಾರಿಗಳು
(ಹಗಲು ಹೊತ್ತು ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕರು),
ಅದೇ ಮನೆ.

ವಿಷಯ: ಕಾಯಿಲೆ ಬಿದ್ದಿರುವ ಕಲ್ಲಪ್ಪನಿಗೆ ಜೀವಂತ ಮಿಡತೆ ತಿನ್ನಿಸಲು ಹಾಗೂ ಸದರಿ ಮಿಡತೆಗಳನ್ನು ಮನೆಯೊಳಗೆ ಇಟ್ಟುಕೊಳ್ಳಲು ಅನುಮತಿ ಕೋರಿ.

ಉಲ್ಲೇಖ: ಒಗ್ಗರಣೆ ಹಾಕುತ್ತಾ ತಾವು ನೀಡಿದ ಮೌಖಿಕ ಆದೇಶ: "ಏನಿದ್ರೂ ಬರ್ಕೊಡು. ಬಾಯಲ್ಲಿ ಹೇಳಿದ್ದನ್ನ ಆಫೀಸಲ್ಲೇ ತಗಳಲ್ಲ, ಮನೇಲಿ ತಗಂತೀನಾ?"

ಮಾನ್ಯ ಅಮ್ಮನವರೇ,

ಮೇಲ್ಕಂಡ ವಿಷಯ ತಿಳಿಸಲೆಂದು ಅರ್ಜಿದಾರಳು ಎಷ್ಟೋ ಸಲ ಅಡುಗೆಮನೆ ಬಾಗಿಲವರೆಗೆ ಬಂದು, ಒಂದು ಲೋಟ ನೀರು ಕುಡಿದು, ವಾಪಸು ಹೋಗಿರುತ್ತಾಳೆ. ಕಾರಣ, ಬಾಯಿಗೆ ಬಾರದ್ದನ್ನು ಬರಹದಲ್ಲಿ ಸಲ್ಲಿಸುತ್ತಿದ್ದಾಳೆ.

೧. ಕಲ್ಲಪ್ಪನೆಂಬುವನು ಗಡ್ಡವಿರುವ ವಿದೇಶಿ ಓತಿಕ್ಯಾತ. ಅಂಗಡಿಯವರು ಬಿಯರ್ಡೆಡ್ ಡ್ರ್ಯಾಗನ್ ಎನ್ನುತ್ತಾರೆ. ಅವನು ಮರಿಯಿದ್ದಾಗ ಅರ್ಜಿದಾರಳ ಅಕ್ಕ ಉಷಾ ತಂದು, ಮದುವೆಯಾಗಿ ಹೊಸದುರ್ಗಕ್ಕೆ ಹೋಗುವಾಗ "ನಮ್ಮತ್ತೆ ಹಲ್ಲಿ ಲೊಚಗುಟ್ಟಿದ್ರೇ ಪಂಚಾಂಗ ತೆಗೀತಾರೆ ಕಣೇ, ಇವನನ್ನ ಕಂಡ್ರೆ ನನ್ನೇ ವಾಪಸ್ ಕಳಿಸ್ತಾರೆ. ನೀನೇ ನೋಡ್ಕ" ಎಂದು ಬಿಟ್ಟುಹೋದಳು. ಅಕ್ಕ ಹೋದ ಮೇಲೆ ಆ ರೂಮಿನಲ್ಲಿ ಅರ್ಜಿದಾರಳು ಮಾತಾಡುವುದು ಇವನೊಬ್ಬನ ಜೊತೆಯೇ ಆಗಿರುತ್ತದೆ.

೨. "ನಮ್ಮನೇಲಿ ಇರೋನು ನಮ್ಮಂಗೇ ಉಣ್ಬೇಕು" ಎಂಬ ತಮ್ಮ ಸ್ಥಾಯಿ ಆದೇಶದ ಪ್ರಕಾರ ಅವನನ್ನು ನುಗ್ಗೆಸೊಪ್ಪು, ಕುಂಬಳಕಾಯಿಯಲ್ಲೇ ಬೆಳೆಸಲಾಯಿತು. ತಾವು ಮನೆಗೆ ಬಂದವರಿಗೆಲ್ಲ "ಹುಳ ಮೂಸೂ ನೋಡಲ್ಲ ನೋಡ್ರಿ, ಅಷ್ಟು ಮಡಿ" ಎಂದು ಹೆಮ್ಮೆಯಿಂದ ಹೇಳಿದ್ದೀರಿ. ಅವನಿಗೆ ಹುಳವನ್ನು ಯಾರೂ ತೋರಿಸಿರಲಿಲ್ಲ ಎಂಬುದನ್ನು ಗಮನಿಸಬೇಕು.

೩. ಈಗ ಕಲ್ಲಪ್ಪ ಹಿಂಗಾಲು ಎಳೆಯುತ್ತಾನೆ. ದವಡೆ ಮೆತ್ತಗಾಗಿದೆ. ಕರೆದರೆ ತಲೆ ಎತ್ತುವುದಿಲ್ಲ. ಆದ್ದರಿಂದ ಅರ್ಜಿದಾರಳು ಅವನನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಪಶು ವೈದ್ಯರಾದ ಮುರುಗೇಶ್ ಅವರ ಬಳಿಗೆ ಒಯ್ದಳು. ದನ, ಎಮ್ಮೆ, ಕುರಿ, ಮೇಕೆ, ನಾಯಿ ಯಾವುದೂ ಅಲ್ಲದ ಕಾರಣ ಕಲ್ಲಪ್ಪ 'ಇತರೆ' ಎಂದು ದಾಖಲಾದ. ವೈದ್ಯರು ಬೇರೆ ಊರಿನ ಗೆಳೆಯರೊಬ್ಬರಿಗೆ ಫೋನಿನಲ್ಲಿ ಅವನ ಮುಖ ತೋರಿಸಿ, ಕೊನೆಗೆ ಹೇಳಿದ್ದು: "ಮೂಳೆ ಸವೆದೈತಮ್ಮ. ಬೆಳೆಯೋ ಪ್ರಾಣಿಗೆ ಬಿಸಿಲೂ ಇಲ್ಲ, ಹುಳಾನೂ ಇಲ್ಲ. ಹಿಂಗೇ ಬಿಟ್ರೆ ಉಳಿಯಲ್ಲ." ಗಾಜಿನ ಪೆಟ್ಟಿಗೆಗೆ ಬಲ್ಬು ಹಾಕಿದರೆ ಸಾಕೆಂದು ಅರ್ಜಿದಾರಳು ತಿಳಿದಿದ್ದಳು. ಹೀಗಾಗಿ, ಇಡೀ ಹಿರಿಯೂರು ಬೇಯುತ್ತಿರುವಾಗ ಬಿಸಿಲಿನ ಕೊರತೆಯಿಂದ ಹಾಸಿಗೆ ಹಿಡಿದ ನಿವಾಸಿ ಕಲ್ಲಪ್ಪನೊಬ್ಬನೇ.

೪. ಅಲ್ಲೇ ಕುರಿ ಹಿಡಿದು ನಿಂತಿದ್ದ ಜವನಗೊಂಡನಹಳ್ಳಿಯ ಯತ್ತಪ್ಪ ಎಂಬುವರು, "ಏನವ್ವ, ನಮ್ ಕುರಿಗೆ ಹುಳ ಸಾಯಾಕೆ ಔಷಧಿ ಕೊಡ್ತಾರೆ, ನಿನ್ ಓತಿಕ್ಯಾತಂಗೆ ಹುಳಾನೇ ಔಷಧಿನಾ?" ಎಂದು ನಕ್ಕರು. ಅರ್ಜಿದಾರಳು ಎಂದಿನಂತೆ ದುಪಟ್ಟಾ ಸರಿಮಾಡಿಕೊಂಡು ಹೊರಡಲು ತಿರುಗಿದಳು. ನಂತರ ಏನಾಯಿತೋ ತಿಳಿಯದು, ತನ್ನ ಬಾಯಿಂದಲೇ "ಮಿಡತೆ ಎಲ್ಲಿ ಸಿಗ್ತವೆ?" ಎಂದು ಕೇಳಿಬಿಟ್ಟಳು. "ನಮ್ ಬೀಳು ಹೊಲದಾಗೆ ಬೇಕಾದಷ್ಟು ಅವೆ, ಹುಳದ ಎಣ್ಣೆ ಹೊಡದಿಲ್ಲ. ಬಸ್ಸಿಗೆ ಹಾಕ್ತೀನಿ, ಇಸ್ಕಳವ್ವ" ಎಂದರು. ಅದರಂತೆ ಹಾಕಿದರು. ಕಂಡಕ್ಟರ್ ಡಬ್ಬಿ ಕೊಡುತ್ತಾ, "ಒಳಗೇನು ಕುಣೀತೈತಮ್ಮ?" ಎಂದಾಗ ಅರ್ಜಿದಾರಳು "ಔಷಧಿ" ಎಂದಳು. ಇದು ಸುಳ್ಳಲ್ಲ.

೫. ಮಿಡತೆಗೆ, ಅದು ಸಿಗುವವರೆಗೆ ಕುಂಬಳಕಾಯಿಗೆ, ಸವರಲು ವೈದ್ಯರು ಕ್ಯಾಲ್ಸಿಯಂ ಪುಡಿ ಕೊಟ್ಟಿದ್ದರು. ಅರ್ಜಿದಾರಳು ಅದನ್ನು ಹಿತ್ತಾಳೆ ಬಟ್ಟಲಿಗೆ ಸುರಿದಿಟ್ಟಿದ್ದು, ಸೋಮವಾರದ ಸ್ವಚ್ಛತೆಯಲ್ಲಿ ಆ ಬಟ್ಟಲು ದೇವರಮನೆ ಸೇರಿತು. ಅಲ್ಲಿಯ ಅಂಥದ್ದೇ ವಿಭೂತಿ ಬಟ್ಟಲು ರೂಮಿಗೆ ಬಂತು. ಅಪ್ಪನವರಾದ ಶಿವಕುಮಾರಪ್ಪ ಅವರು ಮೂರು ಬೆರಳು ಅದ್ದಿ, ಹಣೆಗೆ ಎಳೆದುಕೊಂಡು, "ಈ ಸಲದ ವಿಭೂತಿ ಭಾಳ ನುಣ್ಣಗೈತೆ. ಯಾವ ಮಠದ್ದು?" ಎಂದರು. ಕಲ್ಲಪ್ಪ ಅಷ್ಟೂ ದಿನ ವಿಭೂತಿ ಸವರಿದ ಕುಂಬಳಕಾಯಿ ತಿಂದಿರುತ್ತಾನೆ. ಇದರಲ್ಲಿ ಯಾರ ಲೋಪವನ್ನೂ ಅರ್ಜಿದಾರಳು ಎತ್ತಿ ಹೇಳುತ್ತಿಲ್ಲ. ಅಪ್ಪನವರ ಹಣೆಯ ಮೂಳೆ ಈಗ ಗಟ್ಟಿಯಿದೆ, ಕಲ್ಲಪ್ಪನದು ಇಲ್ಲ, ಅಷ್ಟೇ.

೬. ಅನುಮತಿಗೆ ಕಾಯುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲವಾದ್ದರಿಂದ, ಇಂದು ಬೆಳಿಗ್ಗೆ ಮಹಡಿಯ ಬಿಸಿಲಿನಲ್ಲಿ ಒಂದು ಮಿಡತೆಯನ್ನು ಅವನ ಮುಂದೆ ಬಿಡಲಾಯಿತು. ಅವನು ಬಹಳ ಹೊತ್ತು ಅದನ್ನು ಪರಿಶೀಲಿಸಿದ. ಮಿಡತೆ ತಾನಾಗಿ ಹತ್ತಿರ ಬಂತು. ಅವನು ತಲೆ ಎತ್ತಿದ. ಅನಂತರ ಮಿಡತೆ ಇರಲಿಲ್ಲ. ಅರ್ಜಿದಾರಳು ನೀರಿನ ಟ್ಯಾಂಕಿನ ಹಿಂದೆ ಕೂತು ಸ್ವಲ್ಪ ಹೊತ್ತು ಅತ್ತಳು. ಇದು ಕಡತಕ್ಕೆ ಅನಗತ್ಯ.

ಆದ್ದರಿಂದ, ತಿಂದ ಮಿಡತೆಗೆ ಘಟನೋತ್ತರ ಮಂಜೂರಾತಿಯನ್ನೂ ಉಳಿದವಕ್ಕೆ ಪೂರ್ವಾನುಮತಿಯನ್ನೂ ನೀಡಬೇಕು. ಸಾಧ್ಯವಿಲ್ಲವಾದಲ್ಲಿ, ಆ ನಿರಾಕರಣೆಯ ಹಿಂಬರಹವನ್ನು ತಾವೇ ರೂಮಿಗೆ ಬಂದು ಕಲ್ಲಪ್ಪನ ಮುಖ ನೋಡಿ ಓದಬೇಕು. ಅರ್ಜಿದಾರಳಿಂದ ಆಗುವುದಿಲ್ಲ.

ತಮ್ಮ ವಿಶ್ವಾಸಿ ಹಾಗೂ ಕಿರಿಯ ಮಗಳು,
ರಂಜಿತಾ

ಲಗತ್ತುಗಳು:
೧. ವೈದ್ಯರ ಚೀಟಿ.
೨. ವಿಭೂತಿ ಬಟ್ಟಲು (ಹಿಂದಿರುಗಿಸಲಾಗಿದೆ).
೩. ಉಳಿದ ಮಿಡತೆಗಳು: ಬಸ್ಸಿನಲ್ಲಿ ಬರುವಾಗ ಅವುಗಳ ಡಬ್ಬಿ ಬಿರುಕು ಬಿಟ್ಟ ಕಾರಣ, ಮನೆಯಲ್ಲಿ ಬಿಗಿ ಮುಚ್ಚಳವಿರುವ ಏಕೈಕ ಡಬ್ಬಿಯಾದ ಶೇಂಗಾ ಚಟ್ನಿಪುಡಿ ಡಬ್ಬಿಗೆ ವರ್ಗಾಯಿಸಿ, ಗಾಳಿಗೆಂದು ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಲಾಗಿದೆ. ಅಪ್ಪನವರು ರೊಟ್ಟಿಗೆ ಕೂರುವ ಮುಂಚೆ ಆದೇಶ ಹೊರಡಿಸಬೇಕಾಗಿ ವಿನಂತಿ.