ಹೀಟ್ ಪ್ರೆಸ್ಸೂ ಅಪ್ಪನ ಟೀಯೂ

ಮಂಡ್ಯ ಜಿಲ್ಲೆಯಲ್ಲಿ ಗೃಹ ಕೈಗಾರಿಕೆಯ ಹೊಸ ಯುಗ ನಮ್ಮ ಮನೆಯ ನಡುಮನೆಯಿಂದಲೇ ಆರಂಭವಾಗಲಿದೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಂಜುಶ್ರೀ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮಹತ್ಕಾರ್ಯಗಳೆಲ್ಲ ಹೀಗೆ ತಾತ್ಸಾರದ ನಡುವೆಯೇ ಹುಟ್ಟುತ್ತವೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಆದದ್ದಿಷ್ಟು. ನಮ್ಮ ಕಚೇರಿಯ ಕಸ್ತೂರಿರಂಗ ಅವರು ನಿವೃತ್ತರಾದಾಗ ಅವರ ಫೋಟೋ ಇರುವ ಪಿಂಗಾಣಿ ಟೀ ಮಗ್ಗೊಂದನ್ನು ಮಾಡಿಸಿಕೊಟ್ಟಿದ್ದೆವು. ಅವರು ಅದನ್ನು ಎದೆಗವಚಿಕೊಂಡು ಅತ್ತರು. ಆಗಲೇ ನಿಶ್ಚಯಿಸಿದೆ: ನಮ್ಮ ಮನೆಯಲ್ಲಿ ಇನ್ನು ಯಾರೂ ಹೆಸರಿಲ್ಲದ ಸ್ಟೀಲ್ ಲೋಟದಲ್ಲಿ ಟೀ ಕುಡಿಯಕೂಡದು! ಅದರಲ್ಲೂ ನನ್ನಪ್ಪ ಪುಟ್ಟಮಾದಯ್ಯ. ಕೂಲಿಗೆ ಕಬ್ಬು ಕಡಿದು ನನ್ನನ್ನು ಓದಿಸಿದವನು. ಮಳವಳ್ಳಿ ಕಡೆಯ ನಮ್ಮ ಊರಿನಿಂದ ಬಂದು ಈಗ ನಮ್ಮ ಜೊತೆಯೇ ಇದ್ದಾನೆ. ಅವನಿಗೆ ಒಂದು ಹೊತ್ತು ಊಟ ತಪ್ಪಿದರೂ ನಡೆಯುತ್ತದೆ, ಟೀ ತಪ್ಪುವಂತಿಲ್ಲ. ಆ ಟೀಗೆ ತಕ್ಕ ಮರ್ಯಾದೆ ಮಾಡಬೇಕೆಂಬುದೇ ನನ್ನ ಆಸೆ.

ಹೀಟ್ ಪ್ರೆಸ್ ಮಶೀನು ಬಂತು. ಬುದ್ಧನ ಪಟದ ಕೆಳಗಿನ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಕೆಲಸ ಸುಲಭ. ಫೋಟೋವನ್ನು ಅದಕ್ಕೆಂದೇ ಇರುವ ಕಾಗದದ ಮೇಲೆ ಉಲ್ಟಾ ಅಚ್ಚು ಹಾಕಿ, ಬಿಳಿ ಮಗ್ಗಿಗೆ ಸುತ್ತಿ, ಟೇಪು ಅಂಟಿಸಿ, ಮಶೀನಿನ ಬಾಯಿಗಿಟ್ಟು ಬಿಗಿದರೆ ಸಾಕು. ಬಿಸಿಗೆ ಬಣ್ಣವೆಲ್ಲ ಮಗ್ಗಿಗೆ ಇಳಿಯುತ್ತದೆ. ಇದರಲ್ಲಿ ‘ಉಲ್ಟಾ’ ಎಂಬುದೊಂದನ್ನು ಮಾತ್ರ ನಾನು ಮರೆತೆ. ಮೊದಲ ಮಗ್ಗಿನಲ್ಲಿ ನನ್ನ ಬೈತಲೆ ಬಲಕ್ಕೆ ಸರಿದು, ಹೆಸರು ಯಾವುದೋ ಕಾಣದ ದೇಶದ ಲಿಪಿಯಾಗಿತ್ತು.

“ಕನ್ನಡಿ ಮುಂದೆ ನಿಂತ್ಕಂಡು ಕುಡೀರಿ, ಸರಿಯಾಗಿ ಕಾಣ್ತದೆ,” ಎಂದಳು ಮಂಜುಶ್ರೀ.

ಎರಡನೆಯದು ಅವಳದೇ. ಬಿಸಿ ಜಾಸ್ತಿಯಾಗಿ ಮುಖ ಸೀದುಹೋಯಿತು. ಸೀರೆ ನೋಡಿ ತಾನೇ ಎಂದು ಒಪ್ಪಿಕೊಂಡಳು. ಅವಳದನ್ನೇ ಮತ್ತೆ ಮಾಡಲು ಹೊರಟಾಗ ಅವಳು ಮಿಕ್ಸಿ ಹಾಕಿದಳು, ನಾನು ಮಶೀನು ಹಾಕಿದೆ, ಮೀಟರ್ ಬೋರ್ಡು ಡಬ್ ಎಂದಿತು. ಸಾರಿನ ಮಸಾಲೆ ಅರ್ಧ ರುಬ್ಬಿಕೊಂಡು ಮಿಕ್ಸಿಯಲ್ಲೇ ಉಳಿಯಿತು. ಆವತ್ತಿನ ಸಾರಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಆದರೆ ಅಪ್ಪನ ಮಗ್ಗು! ನಮ್ಮ ಮದುವೆಯ ಗುಂಪು ಫೋಟೋದಲ್ಲಿ ಸುತ್ತ ನಿಂತಿದ್ದವರನ್ನೆಲ್ಲ ಕತ್ತರಿಸಿ ತೆಗೆದು ಅಪ್ಪನೊಬ್ಬನನ್ನೇ ಉಳಿಸಿಕೊಂಡಿದ್ದೆ. ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು. ಒಂದು ಗೆರೆಯೂ ಆಚೀಚೆಯಾಗದೆ ಮುದ್ದಾಗಿ ಬಂತು. ಉಳಿದವೆಲ್ಲ ಕಸದ ಬುಟ್ಟಿ ಸೇರಿದ್ದರಿಂದ ನಾನೂ ಮಂಜುಶ್ರೀಯೂ ಹಳೆಯ ಸ್ಟೀಲ್ ಲೋಟಕ್ಕೇ ಮರಳಿದೆವು. ಅಪ್ಪನಿಗೆ ಮಾತ್ರ ಆ ಮಗ್ಗಿನಲ್ಲಿ ಟೀ ಹೊಯ್ಯಿಸಿ, ಎರಡೂ ಕೈಯಲ್ಲಿ ಹಿಡಿದುಕೊಟ್ಟು ಡಂಗುರ ಸಾರಿದೆ:

“ಅಪ್ಪ, ಇನ್ಮೇಲೆ ಇದು ನಿನ್ನೊಬ್ಬನ್ದೇ ಲೋಟ. ಇದನ್ನ ಬ್ಯಾರೆ ಯಾರೂ ಮುಟ್ಟಂಗಿಲ್ಲ.”

ಅಪ್ಪ ಮಗ್ಗನ್ನು ನೋಡಿದ, ನನ್ನನ್ನು ನೋಡಿದ. ಚೆನ್ನಾಗಿದೆ ಎಂದ. ಟೀ ಕುಡಿದು, ಹಿತ್ತಲಿಗೆ ಹೋಗಿ, ತಾನೇ ಮಗ್ಗು ತೊಳೆದು ಕಾಂಪೌಂಡಿನ ಮೇಲೆ ಬೋರಲು ಹಾಕಿ ಬಂದ. ಮಾವ ಯಾವತ್ತೂ ಲೋಟ ತೊಳೆದವರಲ್ಲವಲ್ಲ ಎಂದು ಮಂಜುಶ್ರೀ ಅನುಮಾನಿಸಿದಳು. ಮಗ್ಗಿನ ಮೇಲೆ ಅಷ್ಟು ಮಮತೆ, ಇನ್ನೊಬ್ಬರ ಕೈಗೆ ಕೊಡಲು ಮನಸ್ಸಿಲ್ಲ ಎಂದು ನಾನು ಬೀಗಿದೆ.

ಮಾರನೆಯ ದಿನ ಅಪ್ಪ ಟೀ ಬೇಡವೆಂದ. ಪಿತ್ತವಂತೆ. ಅದರ ಮಾರನೆಯ ದಿನ ಎದೆಯುರಿಯಂತೆ. ಕಾವೇರಿ ಹಿಂದಕ್ಕೆ ಹರಿದಿದ್ದರೂ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ. ದೋಷ ಅಪ್ಪನ ಹೊಟ್ಟೆಯಲ್ಲಿಲ್ಲ, ಮಗ್ಗಿನಲ್ಲಿದೆ ಎಂದು ನನ್ನ ತಾಂತ್ರಿಕ ಬುದ್ಧಿ ತೀರ್ಪು ಕೊಟ್ಟಿತು. ಇನ್ನೊಂದು ಮಗ್ಗು ಮಾಡಿದೆ. ಫೋಟೋ ದೊಡ್ಡದಾಯಿತು, ಹೆಸರು ಬೀದಿಯಿಂದಲೂ ಓದುವಷ್ಟು ದಪ್ಪವಾಯಿತು. ನಮ್ಮ ಲೋಟಗಳ ಜೊತೆ ಬೆರೆಯದಿರಲೆಂದು ಹಿತ್ತಲ ಬಾಗಿಲ ಪಕ್ಕ ಅದಕ್ಕೇ ಒಂದು ಮೊಳೆ ಹೊಡೆದೆ. ಹೊಡೆಯುವಾಗ ಅಪ್ಪ ಹಿಂದೆಯೇ ನಿಂತಿದ್ದ. ತಿರುಗಿ ನೋಡಿದರೆ ಅವನ ಕಣ್ಣು ತುಂಬಿತ್ತು. ಆನಂದಬಾಷ್ಪ ಎಂದುಕೊಂಡೆ. ಕಸ್ತೂರಿರಂಗ ಅವರೂ ಅತ್ತಿರಲಿಲ್ಲವೇ?

ಅಪ್ಪ ಆ ಮಗ್ಗನ್ನೂ ಮುಟ್ಟಲಿಲ್ಲ. ಗುಟ್ಟು ರಟ್ಟು ಮಾಡಿದ್ದು ಮಂಜುಶ್ರೀ. ಸೊಪ್ಪು ತರಲು ಹೋದವಳು, ಬೀದಿ ಕೊನೆಯ ಟೀ ಅಂಗಡಿಯಲ್ಲಿ ಅಪ್ಪ ನಾಲ್ಕು ಜನರ ನಡುವೆ ನಿಂತು ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಿದ್ದುದನ್ನು ಕಂಡಳು. ಪಿತ್ತವೂ ಇಲ್ಲ, ಎದೆಯುರಿಯೂ ಇಲ್ಲ. ನನಗೆ ರೇಗಿತು. ಮಗ ಪ್ರೀತಿಯಿಂದ ಮಾಡಿದ್ದಕ್ಕಿಂತ ಊರವರೆಲ್ಲ ಬಾಯಿಟ್ಟ ಲೋಟ ಹೆಚ್ಚಾಯಿತೇ ಎಂದು ಕೇಳಿಯೇಬಿಟ್ಟೆ.

ಅಪ್ಪ ನಾನು ಹೊಡೆದ ಮೊಳೆಯ ಕಡೆ ನೋಡುತ್ತ ಹೇಳಿದ:

“ಊರ ಓಟ್ಲಲ್ಲಿ ನಮ್ ಕೇರಿಯೋರ್ಗೆ ಬ್ಯಾರೆ ಲೋಟ ಮಡಗಿದ್ರು ಕಣ್ಲಾ. ಹಿತ್ಲು ಕಡೆ ಮೊಳೆ ಹೊಡ್ದು ನೇತಾಕಿರೋರು. ನಾವೇ ತಕ್ಕಬೇಕು. ಅವ್ರು ಮ್ಯಾಲಿಂದ ಉಯ್ಯೋರು. ಕುಡ್ದು ನಾವೇ ತೊಳ್ದು ಬೋರ್ಲಾಕ್ಬೇಕು. ಅದ್ರ ಮ್ಯಾಲೆ ಎಸ್ರು ಬರ್ದಿರ್ನಿಲ್ಲ. ಆದ್ರೂ ಯಾರ್ದು ಅಂತ ಊರ್ಗೆಲ್ಲ ಗೊತ್ತಿತ್ತು.”

ಇದು ನಾನು ತಿಳಿಯದ ಸಂಗತಿಯೇನಲ್ಲ. ಪುಸ್ತಕಗಳಲ್ಲಿ ಓದಿದ್ದೇನೆ, ಸಭೆಗಳಲ್ಲಿ ಮೈಕು ಹಿಡಿದು ಗಂಟಲು ಹರಿದುಕೊಂಡು ಭಾಷಣ ಮಾಡಿದ್ದೇನೆ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಅಪ್ಪ ಮಾತ್ರ ಆ ಲೋಟದ ಸುದ್ದಿಯನ್ನು ಮನೆಯೊಳಗೆ ಎಂದೂ ತಂದಿರಲಿಲ್ಲ. ಅದನ್ನು ಬಣ್ಣ ಬಳಿದು, ಹೆಸರು ಬರೆದು, ಒಳಗೆ ತಂದಿಟ್ಟವನು ನಾನು. ಅಲ್ಲೇ ಕುಸಿದು ಕೂತು ಅತ್ತೆ. ಅಪ್ಪನೇ ನನ್ನ ಬೆನ್ನು ಸವರಿದ. ನೀನು ಪ್ರೀತಿಗೆ ಮಾಡಿದ್ದು ಗೊತ್ತು, ಅದನ್ನು ಹಿಡಿಯಲು ಕೈ ಬರಲಿಲ್ಲ, ಅಷ್ಟೇ ಎಂದ.

ಮೊಳೆ ಕಿತ್ತೆ. ಜೊತೆಗೆ ಅಂಗೈಯಗಲ ಗಾರೆಯೂ ಕಿತ್ತು ಬಂತು. ನಾನು ಕೈ ಹಾಕಿದ ಯಾವುದು ತಾನೇ ನೆಟ್ಟಗಾದೀತು! ಮಶೀನು ಅಟ್ಟ ಸೇರಿತು.

ಬೆಳಗ್ಗೆ ಮಂಜುಶ್ರೀ ಒಂದೇ ತಟ್ಟೆಯಲ್ಲಿ ಮೂವರಿಗೂ ಸ್ಟೀಲ್ ಲೋಟಗಳಲ್ಲಿ ಟೀ ತಂದಳು. ನಾನು ಒಂದನ್ನೆತ್ತಿ ಗುಟುಕು ಕುಡಿದು, ನಾಲಿಗೆ ಸುಟ್ಟುಕೊಂಡು ಕೆಳಗಿಟ್ಟೆ. ಅಪ್ಪನಿಗೆ ಯಾವ ಲೋಟ ಕೊಡಬೇಕು, ಹೇಗೆ ಕೊಡಬೇಕು ಎಂದು ಮತ್ತೆ ತಬ್ಬಿಬ್ಬಾದೆ. ಅಷ್ಟರಲ್ಲಿ ಅಪ್ಪ ಕೈ ಚಾಚಿ ನನ್ನ ಲೋಟವನ್ನೇ ಎತ್ತಿಕೊಂಡು ಕುಡಿಯತೊಡಗಿದ.

“ಅಪ್ಪ, ಅದು ನಾನ್ ಕುಡ್ದಿದ್ದು. ಎಂಜ್ಲು.”

“ಗೊತ್ತು ಕಣ್ಲಾ,” ಎಂದ ಅಪ್ಪ. “ಅದ್ಕೇಯ ತಕ್ಕಂಡಿದ್ದು.”